ಬ್ರೇಕ್ ಲೈನಿಂಗ್ ಧೂಳು, ಎದೆಯ ದಮ್ಮು ಮತ್ತು ಪರಿಹಾರ: ಕಲಬುರಗಿ, ಬೀದರ್, ಯಾದಗಿರಿ ಕಾರ್ಮಿಕರು ಈಗಲೇ ಮಾಡಬೇಕಾದ ಕೆಲಸ

ಇಪ್ಪತ್ತನೇ ವಯಸ್ಸಿನಲ್ಲಿ ಉಸಿರಿನ ಜೊತೆ ಒಳಗೆ ಹೋದ ಕಲ್ನಾರಿನ (ಅಸ್ಬೆಸ್ಟಾಸ್) ಧೂಳು ನಲವತ್ತೈದಕ್ಕೋ ಐವತ್ತಕ್ಕೋ ದಮ್ಮಾಗಿ ಹೊರಬರುತ್ತದೆ. ಅಷ್ಟರಲ್ಲಿ ಕಂಪನಿಯ ಬೋರ್ಡು ಬದಲಾಗಿರುತ್ತದೆ, ಕೆಲಸಕ್ಕೆ ಕರೆದೊಯ್ದ ಗುತ್ತೇದಾರ ಎಲ್ಲಿದ್ದಾನೋ ಗೊತ್ತಿರುವುದಿಲ್ಲ, ಗೇಟ್ ಪಾಸ್ ಮಳೆಗೆ ನೆನೆದು ಹಾಳಾಗಿರುತ್ತದೆ. ಪರಿಹಾರದ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ರೋಗ ಇರುತ್ತದೆ, ಕಾನೂನೂ ಇರುತ್ತದೆ, ‘ನಾನು ಅಲ್ಲಿ ದುಡಿದೆ’ ಎಂದು ತೋರಿಸುವ ಕಾಗದ ಮಾತ್ರ ಇರುವುದಿಲ್ಲ. ಆದ್ದರಿಂದ ಈ ಬರಹ ಕೆಮ್ಮು ಬಂದವರಿಗೆ ಎಷ್ಟು ಬೇಕೋ, ಇನ್ನೂ ಗಟ್ಟಿಮುಟ್ಟಾಗಿ ದುಡಿಯುತ್ತಿರುವವರಿಗೂ ಅಷ್ಟೇ ಬೇಕು.

ಆಳಂದ, ಅಫಜಲಪುರ, ಚಿಂಚೋಳಿ, ಬಸವಕಲ್ಯಾಣ, ಔರಾದ, ಗುರುಮಠಕಲ್, ಸುರಪುರದ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿ ಬಂದವರು ಮನೆಗೊಬ್ಬರು ಸಿಗುತ್ತಾರೆ. ಅಲ್ಲಿ ಬ್ರೇಕ್, ಕ್ಲಚ್, ಗ್ಯಾಸ್ಕೆಟ್ ಕಾರ್ಖಾನೆಯಲ್ಲಿ ಇದ್ದವರಿಗೂ, ಇಲ್ಲಿಯೇ ರಿಂಗ್ ರೋಡಿನ ಗ್ಯಾರೇಜಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಬ್ರೇಕ್ ಶೂಗೆ ಹೊಸ ಲೈನಿಂಗ್ ಹೊಡೆಯುವವರಿಗೂ ಮುಂದಿನ ಮಾತು ಅನ್ವಯಿಸುತ್ತದೆ.

ಧೂಳು ಏಳುವ ಜಾಗ

ಬ್ರೇಕ್ ಲೈನಿಂಗ್ ಎಂದರೆ ನಾರು, ಫೀನಾಲಿಕ್ ರಾಳ, ಬೆರೈಟ್ಸ್ ಪುಡಿ, ಗ್ರಾಫೈಟ್, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಪುಡಿ, ಹಿತ್ತಾಳೆ ಚೂರು ಇವನ್ನೆಲ್ಲ ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಓವನ್ನಿನಲ್ಲಿ ಕಾಯಿಸಿ, ಉಜ್ಜಿ ಅಳತೆಗೆ ತಂದ ಪಟ್ಟಿ. ಹಳೆಯ ಪದ್ಧತಿಯಲ್ಲಿ ಆ ನಾರು ಬಿಳಿ ಕಲ್ನಾರು, ಅಂದರೆ ಕ್ರಿಸೊಟೈಲ್. ತೂಕದಲ್ಲಿ ಅರ್ಧದಷ್ಟು ಕಲ್ನಾರೇ ಇದ್ದ ಲೈನಿಂಗ್‌ಗಳು ಅಪರೂಪವಾಗಿರಲಿಲ್ಲ. ಈಗ ಅದರ ಬದಲು ಅರಾಮಿಡ್, ಉಕ್ಕಿನ ಎಳೆ, ಕಲ್ಲುಣ್ಣೆ, ಗಾಜಿನ ನಾರು ಬಳಸುವವರು ಇದ್ದಾರೆ. ಆದರೆ ಭಾರತದಲ್ಲಿ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿದರೂ ಕ್ರಿಸೊಟೈಲ್ ಆಮದು ನಿಂತಿಲ್ಲ. ಹಾಗಾಗಿ ‘ಈಗೆಲ್ಲಿ ಬರ್ತದ್ರಿ ಅದು’ ಎಂಬ ಮಾತನ್ನು ನಂಬಿ ಕೂರಬೇಡಿ.

ಕಾರ್ಖಾನೆಯ ಎಲ್ಲ ಜಾಗದಲ್ಲೂ ಧೂಳು ಒಂದೇ ಸಮ ಇರುವುದಿಲ್ಲ. ಚೀಲ ಕತ್ತರಿಸಿ ಮಿಕ್ಸರಿಗೆ ಸುರಿಯುವಾಗ, ಒಣ ಮಿಶ್ರಣ ಇಳಿಸುವಾಗ, ಮಿಕ್ಸರಿನೊಳಗೆ ಇಳಿದು ಕೆರೆಯುವಾಗ ಬಿಡಿ ನಾರು ಏಳುತ್ತದೆ. ಪ್ರೆಸ್ ಮತ್ತು ಓವನ್ ಹತ್ತಿರ ನಾರು ರಾಳದೊಳಗೆ ಸಿಕ್ಕಿಕೊಂಡಿರುತ್ತದೆ, ಅಲ್ಲಿ ಧೂಳು ಕಡಿಮೆ, ಹೊಗೆಯ ಕಾಟ ಹೆಚ್ಚು. ಆಮೇಲೆ ಗ್ರೈಂಡಿಂಗ್, ರಿವೆಟ್ ತೂತು ಕೊರೆಯುವುದು, ಅಂಚು ಕಡಿಯುವುದು ಬರುತ್ತದೆ. ಇಲ್ಲಿ ಗಟ್ಟಿಯಾದ ಪಟ್ಟಿಯಿಂದ ನಾರು ಮತ್ತೆ ಬಿಡುಗಡೆಯಾಗುತ್ತದೆ. ಪಾಳಿ ಮುಗಿದಾಗ ಕಸ ಗುಡಿಸುವವರ ಪಾಲಿಗೆ ಇವೆಲ್ಲದರ ಉಳಿಕೆ ಬರುತ್ತದೆ. ಕಾಗದದಲ್ಲಿ ಅವರು ‘ಹೆಲ್ಪರ್’ ಅಷ್ಟೇ, ಆದರೆ ಧೂಳಿನ ಲೆಕ್ಕದಲ್ಲಿ ಗ್ರೈಂಡರ್‌ಗಿಂತ ಹಿಂದಿಲ್ಲ.

ಗ್ಯಾರೇಜಿನ ಬೆಂಚನ್ನೇ ನೋಡಿ. ಹಳೆಯ ಶೂ ಬಿಚ್ಚಿ, ರಿವೆಟ್ ತಲೆ ಕಡಿದು, ಸವೆದ ಪಟ್ಟಿ ಎಬ್ಬಿಸುತ್ತಾರೆ. ಡ್ರಮ್ಮಿನೊಳಗೆ ಬೂದು ಬಣ್ಣದ ಹಿಟ್ಟಿನಂಥ ಧೂಳು ಕೂತಿರುತ್ತದೆ. ಕಂಪ್ರೆಸರ್ ಪೈಪು ಹಿಡಿದು ‘ಫುಸ್’ ಎಂದು ಊದುತ್ತಾರೆ. ಬಾಗಿಲಿಂದ ಬಂದ ಬಿಸಿಲುಗೀಟಿನಲ್ಲಿ ಅದು ಹೊಗೆಯ ಹಾಗೆ ತಿರುಗುತ್ತದೆ, ಹುಬ್ಬಿನ ಮೇಲೆ, ಚಹಾದ ಲೋಟದಲ್ಲಿ ಕೂರುತ್ತದೆ. ಕಣ್ಣಿಗೆ ಕಾಣುವ ಆ ಧೂಳಿಗಿಂತ ಕಾಣದ ನಾರೇ ಶ್ವಾಸಕೋಶಕ್ಕೆ ಹೆಚ್ಚು ಅಪಾಯ, ಏಕೆಂದರೆ ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಓಡಿದ ಬ್ರೇಕಿನ ಧೂಳಿನಲ್ಲಿ ಬಿಸಿಗೆ ಬಹುಪಾಲು ಕಲ್ನಾರು ರೂಪ ಬದಲಿಸಿರುತ್ತದೆ ಎಂಬುದು ನಿಜ. ಆದರೂ ಸ್ವಲ್ಪ ಉಳಿದಿರುತ್ತದೆ. ಹೊಸ ಪಟ್ಟಿಯನ್ನು ಡ್ರಮ್ಮಿನ ಸುತ್ತಳತೆಗೆ ಕೂರಿಸಲು ಉಜ್ಜುವಾಗಲಂತೂ ಬರುವುದೆಲ್ಲ ತಾಜಾ ನಾರು.

ಕಲ್ನಾರು ಇದೆಯೇ ಎಂದು ತಿಳಿಯುವುದು

ಕಣ್ಣಿನಿಂದ, ಬೆರಳಿನಿಂದ, ಸುಟ್ಟು ನೋಡುವುದರಿಂದ ಗೊತ್ತಾಗುವುದಿಲ್ಲ. ಮೂರು ಕಡೆ ಹುಡುಕಿ. ಮೊದಲನೆಯದು ಕಚ್ಚಾ ಮಾಲಿನ ಚೀಲ. ‘ಕ್ರಿಸೊಟೈಲ್’, ‘ಅಸ್ಬೆಸ್ಟಾಸ್ ಫೈಬರ್’ ಎಂಬ ಅಕ್ಷರ, ದೇಶದ ಹೆಸರು, ಗ್ರೇಡ್ ನಂಬರ್ ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಚೀಲದ ಜೊತೆ ಕಾರ್ಖಾನೆಯ ಯಾವುದಾದರೂ ಗುರುತು, ಯಂತ್ರ ಅಥವಾ ಗೋಡೆಯ ಬರಹ, ಚಿತ್ರದಲ್ಲಿ ಸೇರಲಿ. ಎರಡನೆಯದು ಸಿದ್ಧ ಮಾಲಿನ ಡಬ್ಬಿ: ‘ನಾನ್ ಅಸ್ಬೆಸ್ಟಾಸ್’ ಎಂದು ಬರೆದಿದೆಯೇ, ಏನೂ ಬರೆದಿಲ್ಲವೇ. ಮೂರನೆಯದು ಸಾಮಗ್ರಿಯ ಸುರಕ್ಷತಾ ಪತ್ರ. ಅಪಾಯಕಾರಿ ವಸ್ತು ಬಳಸುವ ಕಾರ್ಖಾನೆ ಅದರ ಅಪಾಯವನ್ನೂ ಅದನ್ನು ತಡೆಯುವ ಕ್ರಮವನ್ನೂ ಕಾರ್ಮಿಕರಿಗೆ ತಿಳಿಸಲೇಬೇಕು. ಕೇಳುವುದು ನಿಮ್ಮ ಹಕ್ಕು. ಖಚಿತ ಉತ್ತರ ಬೇಕಾದರೆ ಪ್ರಯೋಗಾಲಯದ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವೇ ಹೇಳಬೇಕು. ಗ್ಯಾರೇಜಿನವರು ಪೆಟ್ಟಿಗೆಯ ಮೇಲೆ ಹೆಸರೇ ಇಲ್ಲದ ಸಸ್ತಾ ಲೈನಿಂಗನ್ನು ಕಲ್ನಾರಿನದೇ ಎಂದು ಭಾವಿಸಿ ಕೆಲಸ ಮಾಡುವುದು ಒಳ್ಳೆಯದು.

ಕೆಲಸದ ಜಾಗದಲ್ಲಿ

ಊದಬೇಡಿ, ಒಣ ಪೊರಕೆ ಹಿಡಿಯಬೇಡಿ. ಇವೆರಡನ್ನು ಬಿಟ್ಟರೇ ಗ್ಯಾರೇಜಿನ ಧೂಳು ಬಹಳಷ್ಟು ಇಳಿಯುತ್ತದೆ. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸಾಬೂನು ದ್ರಾವಣ ಬೆರೆಸಿ, ಡ್ರಮ್ ಮತ್ತು ಶೂ ಮೇಲೆ ಮೆಲ್ಲಗೆ ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಬರೀ ನೀರು ನಾರಿನ ಮೇಲೆ ಜಾರುತ್ತದೆ, ಸಾಬೂನು ಬೆರೆತರೆ ಒಳಗೆ ಇಳಿಯುತ್ತದೆ. ರಭಸದ ಪೈಪಿನಿಂದ ಹೊಡೆದರೆ ಮತ್ತೆ ಚಿಮ್ಮುತ್ತದೆ. ಒರೆಸಿದ ಬಟ್ಟೆ ಒದ್ದೆ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಅದನ್ನು ಇನ್ನೊಂದು ಚೀಲದೊಳಗೆ ಇಡಿ. ಒಗೆದು ಮತ್ತೆ ಬಳಸುವ ಆಸೆ ಬೇಡ.

ಕಾರ್ಖಾನೆಯಲ್ಲಿ ಗ್ರೈಂಡರ್, ಡ್ರಿಲ್, ಚೀಲ ಸುರಿಯುವ ಬಾಯಿ ಈ ಮೂರಕ್ಕೂ ಧೂಳು ಹುಟ್ಟುವಲ್ಲೇ ಹೀರುವ ಹುಡ್ ಇರಬೇಕು, ಹೀರಿದ ಗಾಳಿ ಸೂಕ್ಷ್ಮ ನಾರನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಿ ಹೊರಗೆ ಹೋಗಬೇಕು. ಹುಡ್ ಇದ್ದರೂ ಕೆಲಸ ಮಾಡದಿರಲು ಕಾರಣಗಳು ಸಾಮಾನ್ಯವಾಗಿ ಒಂದೇ ತೆರನವು: ಫಿಲ್ಟರ್ ಚೀಲ ತುಂಬಿ ಗಾಳಿ ಎಳೆಯುವುದಿಲ್ಲ, ಪೈಪಿನ ಜೋಡಣೆ ಬಿಟ್ಟುಕೊಂಡಿರುತ್ತದೆ, ಕರೆಂಟ್ ಬಿಲ್ ಉಳಿಸಲು ಬ್ಲೋವರ್ ಆರಿಸಿರುತ್ತಾರೆ. ಇನ್ನೊಂದು ನಮ್ಮ ಬಿಸಿಲಿನ ಕಾರಣ. ಮೇ ತಿಂಗಳ ಧಗೆಗೆ ಹುಡ್ಡಿನ ಪಕ್ಕದಲ್ಲೇ ದೊಡ್ಡ ಫ್ಯಾನ್ ಇಟ್ಟರೆ ಅದು ಧೂಳನ್ನು ಹುಡ್ಡಿನಿಂದ ಕಿತ್ತು ಇಡೀ ಶೆಡ್ಡಿಗೆ ಹಂಚುತ್ತದೆ. ಹುಡ್ ಎಳೆಯುತ್ತಿದೆಯೇ ಎಂದು ನೋಡಲು ಒಂದು ಊದುಬತ್ತಿ ಸಾಕು. ಗ್ರೈಂಡರ್ ನಿಲ್ಲಿಸಿ, ಬ್ಲೋವರ್ ಮಾತ್ರ ಓಡಲಿ, ಊದುಬತ್ತಿಯನ್ನು ಕಲ್ಲಿನ ಹತ್ತಿರ ಹಿಡಿಯಿರಿ. ಹೊಗೆ ನೇರವಾಗಿ ಹುಡ್ಡಿಗೆ ಹೋಗಬೇಕು. ಮುಖದ ಕಡೆ ಬಂದರೆ ಧೂಳೂ ಅಲ್ಲಿಗೇ ಬರುತ್ತದೆ.

ಟವೆಲ್, ಕರವಸ್ತ್ರ, ದವಾಖಾನೆಯ ನೀಲಿ ಮಾಸ್ಕ್ ನಾರನ್ನು ತಡೆಯುವುದಿಲ್ಲ. ಎನ್95 ಕೂಡ ಕಲ್ನಾರಿಗೆ ಸಾಲದು. ಪಿ100 ಅಥವಾ ಪಿ3 ಫಿಲ್ಟರ್ ಹಾಕಿದ ರಬ್ಬರಿನ ಅರ್ಧಮುಖದ ಮಾಸ್ಕ್ ಬೇಕು, ಗಡ್ಡ ಬೋಳಿಸಿರಬೇಕು, ಇಲ್ಲದಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಆದರೆ ನಲವತ್ತು ಡಿಗ್ರಿ ಸೆಕೆಯಲ್ಲಿ ಎಂಟು ತಾಸು ಇದನ್ನು ಯಾರೂ ಹಾಕಿಕೊಂಡಿರಲಾರರು. ಆದ್ದರಿಂದ ‘ಮಾಸ್ಕ್ ಕೊಟ್ಟಿದ್ದೇವಲ್ಲ’ ಎಂದು ಮಾಲೀಕರು ಹುಡ್ ಹಾಕಿಸದೆ ಇರುವುದನ್ನು ಒಪ್ಪಬೇಡಿ.

ಕೆಲಸದ ಬಟ್ಟೆ ಮನೆಗೆ ಬರಬಾರದು. ಗಂಡನ ಬಟ್ಟೆ ಜಾಡಿಸಿ ಒಗೆದ ಹೆಂಗಸರಿಗೆ, ಆ ಬಟ್ಟೆಯಲ್ಲೇ ಅಪ್ಪ ಎತ್ತಿಕೊಂಡ ಮಕ್ಕಳಿಗೆ ಕಲ್ನಾರಿನ ಕ್ಯಾನ್ಸರ್ ಬಂದಿರುವುದು ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಖಾಲಿ ಚೀಲದ ವಿಷಯವನ್ನೂ ಒತ್ತಿ ಹೇಳಬೇಕು. ಗಟ್ಟಿ ಚೀಲ ಎಂದು ಮನೆಗೆ ತಂದು ತೊಗರಿ, ಜೋಳ ತುಂಬುವವರಿದ್ದಾರೆ. ದಯವಿಟ್ಟು ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ಉಳಿಕೆಯೂ ಇದೆ. ಅದನ್ನು ವಿಲೇವಾರಿ ಮಾಡುವುದು ಕಾರ್ಖಾನೆಯ ಹೊಣೆ.

ಗಾಳಿಯ ಅಳತೆಯ ಬಗ್ಗೆ ಇಷ್ಟು ತಿಳಿದಿರಲಿ: ಕಾರ್ಮಿಕನ ಕಾಲರಿಗೆ, ಮೂಗಿನ ಹತ್ತಿರ, ಸಣ್ಣ ಪಂಪಿನ ಫಿಲ್ಟರ್ ಸಿಕ್ಕಿಸಿ, ಅದರಲ್ಲಿ ಸಿಕ್ಕ ನಾರನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ನಮ್ಮಲ್ಲಿ ಕ್ರಿಸೊಟೈಲಿನ ಮಿತಿ ಘನ ಸೆಂಟಿಮೀಟರಿಗೆ 1 ನಾರು. ಅಮೆರಿಕದ ಮಿತಿ 0.1, ಅಂದರೆ ನಮ್ಮದರ ಹತ್ತನೇ ಒಂದು ಪಾಲು. ಆದ್ದರಿಂದ ವರದಿಯಲ್ಲಿ ‘ಮಿತಿಯೊಳಗಿದೆ’ ಎಂದಿದ್ದರೆ ಅಪಾಯವೇ ಇಲ್ಲ ಎಂದರ್ಥವಲ್ಲ. ಪಂಪನ್ನು ಕಚೇರಿಯ ಮೂಲೆಯಲ್ಲಿಟ್ಟು ಅಳೆದರೆ, ಗ್ರೈಂಡಿಂಗ್ ನಿಂತ ಹೊತ್ತಿನಲ್ಲಿ ಅಳೆದರೆ ಆ ಅಂಕಿಗೆ ಬೆಲೆಯಿಲ್ಲ. ಅಳತೆಯ ದಿನ ಯಾವ ಯಂತ್ರ ಓಡುತ್ತಿತ್ತು, ಎಷ್ಟು ತಾಸು ಓಡಿತು ಎಂದು ಬರೆದಿಟ್ಟುಕೊಳ್ಳಿ.

ಕಾಗದ ಕೂಡಿಡುವುದು

ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ನೇಮಕಾತಿ ಪತ್ರ ಇದ್ದರೆ ಅದು, ಪಗಾರ ಚೀಟಿ, ಗೇಟ್ ಪಾಸಿನ ಎರಡೂ ಬದಿಯ ಜೆರಾಕ್ಸ್, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ. ಇವೇನೂ ಇಲ್ಲದವರಿಗೂ ಒಂದು ದಾರಿ ಇದೆ: ಭವಿಷ್ಯ ನಿಧಿ. ಯುಎಎನ್ (ಭವಿಷ್ಯ ನಿಧಿಯ ಸದಸ್ಯ ಸಂಖ್ಯೆ) ನಂಬರಿನಿಂದ ಲಾಗಿನ್ ಆಗಿ ‘ಸರ್ವಿಸ್ ಹಿಸ್ಟರಿ’ ತೆಗೆದರೆ ಯಾವ ಸಂಸ್ಥೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಇದ್ದಿರಿ ಎಂಬುದು ಬರುತ್ತದೆ. ಪಾಸ್‌ಬುಕ್ಕಿನ ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆದಿಡಿ. ಅಲ್ಲಿ ಕಂಪನಿಯ ಬದಲು ಗುತ್ತೇದಾರನ ಹೆಸರಿದ್ದರೆ ಗಾಬರಿ ಬೇಡ. ಗುತ್ತೇದಾರನ ಮೂಲಕ ದುಡಿದವರಿಗೂ ಮೂಲ ಮಾಲೀಕನೇ ಪರಿಹಾರಕ್ಕೆ ಹೊಣೆ. ಆದರೆ ಆ ಗುತ್ತೇದಾರ ಆ ಕಾರ್ಖಾನೆಗೇ ಆಳು ಕಳಿಸುತ್ತಿದ್ದ ಎಂದು ತೋರಿಸಲು ಗೇಟ್ ಪಾಸೋ ಜೊತೆಗಾರರ ಅಫಿಡವಿಟ್ಟೋ ಬೇಕು. ಜೊತೆಗೆ ದುಡಿದ ಇಬ್ಬರು ಮೂವರ ಹೆಸರು, ಊರು, ಫೋನ್ ನಂಬರ್ ಇವತ್ತೇ ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಒಂದು ಹಾಳೆಯಲ್ಲಿ ನಿಮ್ಮ ಕೆಲಸದ ಚರಿತ್ರೆ ಬರೆಯಿರಿ. ವರ್ಷ, ಕಾರ್ಖಾನೆ, ವಿಭಾಗ, ಯಂತ್ರ, ದಿನಕ್ಕೆ ಎಷ್ಟು ತಾಸು, ಹುಡ್ ಇತ್ತೋ ಇಲ್ಲವೋ. ‘ಹೆಲ್ಪರ್’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ದಿನಕ್ಕೆ ಆರು ತಾಸು ಲೈನಿಂಗ್ ಗ್ರೈಂಡಿಂಗ್, ಹುಡ್ ಇರಲಿಲ್ಲ’ ಎಂದು ಬರೆಯಬೇಕು.

ಇನ್ನು ಆರೋಗ್ಯದ ದಾಖಲೆ. ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಪ್ರಕರಣದಲ್ಲಿ, ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ‘ಹಳೇ ಕಾಗದ ಎಲ್ಲಾ ಸುಟ್ಟೀವಿ’ ಎಂಬ ಉತ್ತರ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಕೇಳಿದ್ದಕ್ಕೆ ಪುರಾವೆ ಬೇಕು, ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಹೀಗೆ ಬರೆಯಬಹುದು:

‘ಕಾರ್ಖಾನೆಯ ವ್ಯವಸ್ಥಾಪಕರಿಗೆ, ನಾನು ತಮ್ಮ ಕಾರ್ಖಾನೆಯ ______ ವಿಭಾಗದಲ್ಲಿ ______ರಿಂದ ______ರವರೆಗೆ ಕೆಲಸ ಮಾಡಿದ್ದೇನೆ. ಟೋಕನ್ ನಂಬರ್ ______. ಈ ಅವಧಿಯಲ್ಲಿ ಕಲ್ನಾರು ಬೆರೆತ ಬ್ರೇಕ್ ಲೈನಿಂಗ್ ಧೂಳಿನಲ್ಲಿ ಕೆಲಸ ಮಾಡಿದ್ದೇನೆ. ನನ್ನ ಎಲ್ಲ ವೈದ್ಯಕೀಯ ತಪಾಸಣೆಯ ವರದಿ, ಎದೆಯ ಎಕ್ಸ್‌ರೇ, ಶ್ವಾಸ ಪರೀಕ್ಷೆಯ ಫಲಿತಾಂಶ ಹಾಗೂ ನನ್ನ ವಿಭಾಗದ ಗಾಳಿಯ ಧೂಳಿನ ಅಳತೆಯ ವರದಿಗಳ ಪ್ರತಿಯನ್ನು 30 ದಿನದೊಳಗೆ ಕೊಡಬೇಕೆಂದು ಕೋರುತ್ತೇನೆ. ಸಹಿ, ದಿನಾಂಕ.’

ತಲುಪಿದ ಪುರಾವೆ ಬರುವ ಹಾಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಹಾಕಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ. ಉತ್ತರ ಬಾರದಿದ್ದರೆ ಆ ಮೌನವೂ ಮುಂದೆ ನಿಮ್ಮ ಪರ ಒಂದು ಸಾಕ್ಷಿಯೇ.

ದವಾಖಾನೆಯಲ್ಲಿ

ಕಲ್ನಾರಿನಿಂದ ಬರುವ ಮುಖ್ಯ ರೋಗ ಮೂರು. ಶ್ವಾಸಕೋಶ ಗಟ್ಟಿಯಾಗುವ ಅಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮತ್ತು ಶ್ವಾಸಕೋಶ ಇಲ್ಲವೇ ಹೊಟ್ಟೆಯ ಒಳಪೊರೆಗೆ ಬರುವ ಮೀಸೊಥೆಲಿಯೋಮ ಎಂಬ ಕ್ಯಾನ್ಸರ್. ಮೊದಲನೆಯದಕ್ಕೆ ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷ ಹಿಡಿಯುತ್ತದೆ, ಕೊನೆಯದಕ್ಕೆ ಮೂವತ್ತು ನಲವತ್ತೂ ಆಗಬಹುದು. ಬೀಡಿ ಸೇದುವವರಿಗೆ ಕಲ್ನಾರು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಬೀಡಿ ಇವತ್ತೇ ಬಿಡಿ.

ನಮ್ಮ ಕಡೆ ದೊಡ್ಡ ತೊಡಕು ಟಿಬಿಯದು. ಕೆಮ್ಮು, ದಮ್ಮು, ತೂಕ ಇಳಿದದ್ದು, ಎಕ್ಸ್‌ರೇಯಲ್ಲಿ ಕಲೆ ಇವೆಲ್ಲ ಕಂಡೊಡನೆ ಆರು ತಿಂಗಳ ಟಿಬಿ ಮಾತ್ರೆ ಶುರುವಾಗುತ್ತದೆ. ಕಫದ ಪರೀಕ್ಷೆಯಲ್ಲಿ ಟಿಬಿ ಕಾಣದಿದ್ದರೆ, ಮಾತ್ರೆಗೆ ದಮ್ಮು ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಎರಡನೆಯ ತೊಡಕು ಶಹಾಬಾದ್, ವಾಡಿ, ಸೇಡಂ ಭಾಗದ ಕಲ್ಲು, ಸಿಮೆಂಟ್ ಧೂಳು. ಕಲ್ಲಿನ ಧೂಳಿನ ಸಿಲಿಕೋಸಿಸ್ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟುಗಂಟಾಗಿ ಕಾಣುತ್ತದೆ, ಅಸ್ಬೆಸ್ಟೋಸಿಸ್ ಕೆಳಭಾಗದಲ್ಲಿ ಗೆರೆಗೆರೆಯಾಗಿ ಶುರುವಾಗುತ್ತದೆ. ಅದರ ಜೊತೆಗೆ ಪೊರೆಯ ಮೇಲೆ ಸುಣ್ಣಗಟ್ಟಿದ ಪಟ್ಟಿ ಕಂಡರೆ ಅದು ಕಲ್ನಾರಿನ ಬಲವಾದ ಗುರುತು. ಬೆನ್ನಿನ ಕೆಳಗೆ ಸ್ಟೆತಸ್ಕೋಪ್ ಇಟ್ಟಾಗ ಉಸಿರೆಳೆದ ಕೊನೆಗೆ ಕೂದಲು ಉಜ್ಜಿದಂಥ ಚಿರಚಿರ ಸದ್ದು, ಬೆರಳ ತುದಿ ಉಬ್ಬಿರುವುದು, ಇವನ್ನೂ ವೈದ್ಯರು ನೋಡುತ್ತಾರೆ.

ವೈದ್ಯರು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ: ‘ಸಾಹೇಬ್ರ, ಹನ್ನೆರಡು ವರ್ಷ ಬ್ರೇಕ್ ಲೈನಿಂಗ್ ಗ್ರೈಂಡಿಂಗ್ ಮಾಡೀನ್ರಿ. ಆ ಧೂಳಿನ್ಯಾಗ ಅಸ್ಬೆಸ್ಟಾಸ್ ಇತ್ತು. ಚೀಟಿಯೊಳಗ ಅದನ್ನ ಬರೀರಿ.’ ಹೊರರೋಗಿ ಚೀಟಿಯಲ್ಲಿ ಆ ಒಂದು ಸಾಲು ಬಿದ್ದರೆ ಮುಂದೆ ಅದಕ್ಕೆ ಬಹಳ ಬೆಲೆ. ಬೇಕಾದ ಪರೀಕ್ಷೆಗಳು: ಎದೆಯ ಎಕ್ಸ್‌ರೇ, ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ವರ್ಗೀಕರಣದಂತೆ ಅದನ್ನು ಓದಿದ ವರದಿ, ಸ್ಪೈರೋಮೆಟ್ರಿ ಎಂಬ ಶ್ವಾಸ ಪರೀಕ್ಷೆ, ಅನುಮಾನ ಉಳಿದರೆ ಎಚ್‌ಆರ್‌ಸಿಟಿ ಎಂಬ ಸೂಕ್ಷ್ಮ ಸಿಟಿ ಸ್ಕ್ಯಾನ್. ಐಎಲ್‌ಒ ಓದಿನಲ್ಲಿ 1/0 ಅಥವಾ ಮೇಲಿನ ಅಂಕಿ ಬಂದರೆ ಅದು ಧೂಳುರೋಗಕ್ಕೆ ಹೊಂದುವ ಓದು ಎಂದು ಹಿಡಿಯುತ್ತಾರೆ. ಆದರೆ ಮೊದಮೊದಲು ಎಕ್ಸ್‌ರೇ ಸ್ವಚ್ಛವಾಗಿಯೇ ಕಾಣಬಹುದು. ಅದೇ ಎದೆಯಲ್ಲಿ ಸಿಟಿಗೆ ಕಾಣುತ್ತದೆ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡು ಇದ್ದವರಿಗೆ ಕಲಬುರಗಿಯ ಇಎಸ್‌ಐಸಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಇಲ್ಲದವರು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಿಗೆ ಹೋಗಬಹುದು. ಕ್ಯಾನ್ಸರಿನ ಶಂಕೆ ಇದ್ದರೆ ಕಲಬುರಗಿಯ ಕಿದ್ವಾಯಿ ಕೇಂದ್ರವಿದೆ. ಎಕ್ಸ್‌ರೇ ಫಿಲ್ಮ್ ಮತ್ತು ಸಿಟಿಯ ಸಿ.ಡಿ.ಯನ್ನು ನೀವೇ ಇಟ್ಟುಕೊಳ್ಳಿ. ಫಿಲ್ಮನ್ನು ಮಡಚಬೇಡಿ, ಬಿಸಿಲಿಗೆ ಇಡಬೇಡಿ.

ಅಸ್ಬೆಸ್ಟೋಸಿಸ್ ಕಂಡ ವೈದ್ಯರು ಅದನ್ನು ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಲೇಬೇಕು, ಅದು ಅಧಿಸೂಚಿತ ರೋಗ. ಈ ವಿಷಯ ಗೊತ್ತಿಲ್ಲದ ವೈದ್ಯರೂ ಇರುತ್ತಾರೆ, ವಿನಯದಿಂದ ನೆನಪಿಸಿ.

ಹಣದ ದಾರಿ ಎರಡು, ಸಿಗುವುದು ಒಂದೇ

ಮೊದಲು ಪಗಾರ ಚೀಟಿ ನೋಡಿ. ಇಎಸ್‌ಐಗೆ ಕಾರ್ಮಿಕನ ಪಾಲು ಪಗಾರದ 0.75 ಶೇಕಡ, ಮಾಲೀಕನದು 3.25. ಹದಿನೈದು ಸಾವಿರ ಪಗಾರಕ್ಕೆ 113 ರೂಪಾಯಿ ಕಡಿತವಾಗಿದ್ದರೆ ನೀವು ಇಎಸ್‌ಐ ಒಳಗಿದ್ದೀರಿ. ಆಗ ನಿಮ್ಮ ದಾರಿ ಇಎಸ್‌ಐ ಮಾತ್ರ, ನೌಕರರ ಪರಿಹಾರದ ಕೇಸು ನಡೆಯುವುದಿಲ್ಲ. ಇದನ್ನು ನೋಡದೆ ತಪ್ಪು ಬಾಗಿಲು ತಟ್ಟಿ ವರ್ಷಗಳನ್ನು ಕಳೆದುಕೊಳ್ಳುವುದುಂಟು.

ಇಎಸ್‌ಐಯಲ್ಲಿ ಬ್ರಾಂಚ್ ಆಫೀಸಿಗೆ ಔದ್ಯೋಗಿಕ ರೋಗದ ಅರ್ಜಿ ಕೊಡಬೇಕು. ಅವರು ವಿಶೇಷ ವೈದ್ಯಕೀಯ ಮಂಡಳಿಗೆ ಕಳಿಸುತ್ತಾರೆ, ದುಡಿಮೆಯ ಶಕ್ತಿ ಎಷ್ಟು ಶೇಕಡ ಹೋಗಿದೆ ಎಂದು ಮಂಡಳಿ ಹೇಳುತ್ತದೆ. ಪೂರ್ತಿ ಹೋಗಿದ್ದರೆ ಪಗಾರದ ಸುಮಾರು 90 ಶೇಕಡ ಜೀವನಪೂರ್ತಿ ಬರುತ್ತದೆ, ಭಾಗಶಃ ಆದರೆ ಅದೇ ಪ್ರಮಾಣದಲ್ಲಿ. 15,000 ಪಗಾರ, 30 ಶೇಕಡ ನಷ್ಟ ಎಂದರೆ ತಿಂಗಳಿಗೆ ಸುಮಾರು 4,050 ರೂಪಾಯಿ. ಈ ಸೌಲಭ್ಯಕ್ಕೆ ಇಂತಿಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಮಂಡಳಿಯ ಮುಂದೆ ಹೋಗುವಾಗ ಕೆಲಸದ ಚರಿತ್ರೆಯ ಹಾಳೆ, ಎಲ್ಲ ಫಿಲ್ಮ್, ಸ್ಪೈರೋಮೆಟ್ರಿ ಜೊತೆಗಿರಲಿ. ಮಂಡಳಿ ಕಡಿಮೆ ಶೇಕಡ ಹೇಳಿದರೆ ಮೇಲ್ಮನವಿ ಇದೆ, ಆದೇಶ ಕೈಗೆ ಬಂದ ವಾರದಲ್ಲೇ ವಕೀಲರಿಗೆ ತೋರಿಸಿ. ಮಾಲೀಕ ನಿಮ್ಮ ಹೆಸರು ನೋಂದಾಯಿಸದೆ ಬಿಟ್ಟಿದ್ದರೂ ನಿಗಮ ನಿಮಗೆ ಸೌಲಭ್ಯ ಕೊಟ್ಟು ಅವನಿಂದ ವಸೂಲಿ ಮಾಡಬಹುದು.

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆಯ ದಾರಿ. ಸಣ್ಣ ಗ್ಯಾರೇಜ್, ರಿವೆಟ್ ಹೊಡೆಯುವ ಅಂಗಡಿಯ ಆಳುಗಳು ಸಾಮಾನ್ಯವಾಗಿ ಬರುವುದು ಇಲ್ಲಿಗೇ. ಅಸ್ಬೆಸ್ಟೋಸಿಸ್, ಕಲ್ನಾರಿನ ಶ್ವಾಸಕೋಶದ ಕ್ಯಾನ್ಸರ್, ಮೀಸೊಥೆಲಿಯೋಮ ಇದರ ಮೂರನೇ ಅನುಸೂಚಿಯಲ್ಲಿವೆ. ಆದ್ದರಿಂದ ಆ ಕೆಲಸದಲ್ಲಿ ನಿಗದಿತ ಅವಧಿ ದುಡಿದವರಿಗೆ ಈ ರೋಗ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಕಾನೂನು ಹಿಡಿಯುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಮಾಲೀಕನದು. ಅಸ್ಬೆಸ್ಟೋಸಿಸ್‌ನಂಥ ಧೂಳುರೋಗದಲ್ಲಿ ಎರಡು ಮೂರು ಮಾಲೀಕರ ಹತ್ತಿರ ದುಡಿದಿದ್ದರೆ ಎಲ್ಲರೂ ಪಾಲು ಕೊಡಬೇಕು. ಎಲ್ಲರನ್ನೂ ಪ್ರತಿವಾದಿ ಮಾಡಿ.

2025ರ ನವೆಂಬರ್ 21ರಿಂದ ಕಾರ್ಖಾನೆ, ಇಎಸ್‌ಐ, ಪರಿಹಾರ ಕಾಯ್ದೆಗಳ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಮತ್ತು ಔದ್ಯೋಗಿಕ ಸುರಕ್ಷತಾ ಸಂಹಿತೆ ಜಾರಿಯಾಗಿವೆ. ರೋಗಗಳ ಪಟ್ಟಿ ಅವುಗಳಲ್ಲೂ ಇದೆ, ಪರಿಹಾರದ ಲೆಕ್ಕದ ರೀತಿಯೂ ಹಳೆಯದನ್ನೇ ಹೋಲುತ್ತದೆ. ನಿಮ್ಮ ರೋಗ ಪತ್ತೆಯಾದ ದಿನ ಆ ತಾರೀಖಿಗಿಂತ ಹಿಂದಿನದೋ ಮುಂದಿನದೋ ಎಂಬುದನ್ನು ವಕೀಲರಿಗೆ ಮೊದಲ ಮಾತಿನಲ್ಲೇ ಹೇಳಿ, ಅರ್ಜಿಯ ತಲೆಬರಹ ಅದರ ಮೇಲೆ ನಿಂತಿದೆ.

ಲೆಕ್ಕ ಹೀಗಿದೆ. ವಯಸ್ಸು 50, ಪಗಾರ 14,000, ದುಡಿಮೆಯ ಶಕ್ತಿಯ ನಷ್ಟ 40 ಶೇಕಡ ಎಂದುಕೊಳ್ಳಿ. ಪಗಾರದ 60 ಶೇಕಡ ಎಂದರೆ 8,400. ಐವತ್ತನೇ ವಯಸ್ಸಿನ ಗುಣಕ 153.09. ಗುಣಿಸಿದರೆ 12,85,956. ಅದರ 40 ಶೇಕಡ 5,14,382 ರೂಪಾಯಿ. ನಲವತ್ತು ವಯಸ್ಸಾದರೆ ಗುಣಕ 184.17, ಅರವತ್ತಾದರೆ 117.41. ಸಾವಾದರೆ 60ರ ಬದಲು 50 ಶೇಕಡ ಹಿಡಿಯುತ್ತಾರೆ. 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಪಗಾರ ತಿಂಗಳಿಗೆ 15,000 ದಾಟುವುದಿಲ್ಲ. ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳಲ್ಲಿ ಕೊಡದಿದ್ದರೆ 12 ಶೇಕಡ ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ 50 ಶೇಕಡದವರೆಗೆ ದಂಡ.

ಈ ಕೇಸುಗಳು ಎಡವುವ ಒಂದು ಜಾಗವಿದೆ. ಆಸ್ಪತ್ರೆಯವರು ‘ಅಂಗವೈಕಲ್ಯ 20 ಶೇಕಡ’ ಎಂದು ಬರೆಯುತ್ತಾರೆ. ಕಾನೂನು ಕೇಳುವುದು ದುಡಿಮೆಯ ಶಕ್ತಿಯ ನಷ್ಟ. ಇವೆರಡೂ ಒಂದಲ್ಲ. ಮೆಟ್ಟಿಲು ಹತ್ತಲಾಗದ ಹಮಾಲಿಗೆ ಶ್ವಾಸಕೋಶ 20 ಶೇಕಡ ಕೆಟ್ಟಿದ್ದರೂ ದುಡಿಮೆ ಪೂರ್ತಿ ನಿಂತಿರಬಹುದು. ಯಾವ ಕೆಲಸ ಇನ್ನು ಆಗುವುದಿಲ್ಲ ಎಂದು ವೈದ್ಯರು ಬಿಡಿಸಿ ಬರೆಯಬೇಕು, ನ್ಯಾಯಾಲಯಕ್ಕೆ ಬಂದು ಸಾಕ್ಷಿಯನ್ನೂ ಹೇಳಬೇಕು. ಚೀಟಿ ಮಾತ್ರ ಹಾಕಿ ವೈದ್ಯರನ್ನು ಕರೆಸದೆ ಬಿಟ್ಟರೆ ಶೇಕಡ ಇಳಿಯುತ್ತದೆ.

ಅವಧಿ, ನ್ಯಾಯಾಲಯ, ವಕೀಲರು

ಹಳೆಯ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷ. ರೋಗದಿಂದ ಸತತವಾಗಿ ಕೆಲಸಕ್ಕೆ ಹೋಗಲಾಗದ ಮೊದಲ ದಿನವನ್ನು ಅಪಘಾತದ ದಿನ ಎಂದು ಹಿಡಿಯುತ್ತಾರೆ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ, ಲಕ್ಷಣ ಮೊದಲು ಪತ್ತೆಯಾದ ದಿನದಿಂದ ಎಣಿಕೆ. ಇಪ್ಪತ್ತು ವರ್ಷದ ಮೇಲೆ ಬರುವ ರೋಗಕ್ಕೆ ಇದು ತೀರ ಇಕ್ಕಟ್ಟಾದ ಬಾಗಿಲು, ಅನ್ಯಾಯದ್ದೂ ಹೌದು. ಆದರೂ ಮುಚ್ಚಿಲ್ಲ. ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಅರ್ಜಿ ತೆಗೆದುಕೊಳ್ಳುವ ಅಧಿಕಾರವಿದೆ. ರೋಗ ಈಗಷ್ಟೇ ಪತ್ತೆಯಾಯಿತು, ಮೊದಲು ಟಿಬಿ ಎಂದು ಚಿಕಿತ್ಸೆ ಕೊಟ್ಟಿದ್ದರು ಎಂಬುದನ್ನು ಹಳೆಯ ಚೀಟಿಗಳ ಸಮೇತ ಹಾಕಿ. ಟಿಬಿ ಚೀಟಿಗಳನ್ನು ಎಸೆಯದಿರಲು ಇದೂ ಒಂದು ಕಾರಣ. ಅದೂ ಆಗದಿದ್ದರೆ 1995ರ ತೀರ್ಪನ್ನು ಮುಂದಿಟ್ಟು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಹಾಕುವ ದಾರಿಯನ್ನು ವಕೀಲರೊಡನೆ ಚರ್ಚಿಸಿ.

ಪುಣೆಯಲ್ಲಿ ದುಡಿದವರು ಪುಣೆಗೇ ಹೋಗಿ ಕೇಸು ಹಾಕಬೇಕಿಲ್ಲ. ನೀವು ವಾಸವಾಗಿರುವ ಜಿಲ್ಲೆಯಲ್ಲೇ ಹಾಕಲು ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಈ ಕೇಸುಗಳನ್ನು ನಡೆಸುತ್ತ ಬಂದಿದ್ದಾರೆ. ವಾಸದ ಪುರಾವೆಗೆ ಪಡಿತರ ಚೀಟಿ, ಆಧಾರ್ ಸಾಕು. ವಕೀಲರ ಫೀ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕೇಳಿ ತಿಳಿಯಬಹುದು. ಕೈಗಾರಿಕಾ ಕಾರ್ಮಿಕರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮಾಲೀಕರ ಕಡೆಯವರು ಮನೆಗೆ ಬಂದು ಐವತ್ತು ಸಾವಿರ ಕೈಗಿತ್ತು ‘ಇನ್ನೇನೂ ಕೇಳುವುದಿಲ್ಲ’ ಎಂದು ಬಾಂಡ್ ಪೇಪರ್ ಬರೆಸಿಕೊಳ್ಳಲು ನೋಡಬಹುದು. ಪರಿಹಾರದ ಹಕ್ಕು ಬಿಟ್ಟುಕೊಡುವ ಅಂಥ ಕರಾರು ಕಾನೂನಿನಲ್ಲಿ ಊರ್ಜಿತವಲ್ಲ. ರಾಜಿ ಆಗಬೇಕಾದರೆ ಆಯುಕ್ತರ ಮುಂದೆ ನೋಂದಣಿಯಾಗಬೇಕು. ಸಾವಿನ ಪರಿಹಾರವನ್ನಂತೂ ಮಾಲೀಕ ಆಯುಕ್ತರ ಬಳಿಯೇ ಠೇವಣಿ ಇಡಬೇಕು.

ಕಾರ್ಖಾನೆ ಇನ್ನೂ ನಡೆಯುತ್ತಿದ್ದರೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಲಿಖಿತ ದೂರು ಕೊಡಿ. ಕಪನೂರಾಗಲಿ, ಬೀದರಿನ ಕೊಳಾರವಾಗಲಿ, ಕಡೇಚೂರಾಗಲಿ, ಕೈಗಾರಿಕಾ ಪ್ರದೇಶದ ಹೆಸರನ್ನು ಪ್ಲಾಟ್ ನಂಬರ್ ಸಮೇತ ಬರೆಯಿರಿ. ಯಾವ ಯಂತ್ರ, ಯಾವ ಪಾಳಿ, ಹುಡ್ ಯಾವಾಗಿನಿಂದ ಕೆಟ್ಟಿದೆ ಎಂಬ ವಿವರವಿದ್ದರೆ ತಪಾಸಣೆಗೆ ಬಂದವರಿಗೆ ನೋಡಬೇಕಾದ್ದು ಗೊತ್ತಿರುತ್ತದೆ. ಹೆಸರು ಗುಟ್ಟಾಗಿಡಲು ಕೋರಿ. ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು, ಉತ್ತರಕ್ಕೆ 30 ದಿನ.

ಸಾವಾದಾಗ

ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೆ ಹೇಳದೆ ಬಿಟ್ಟರೆ ಮನೆಯವರಿಗೆ ನಷ್ಟ. ಕಾಯಿಲೆಯವರು ಊರಲ್ಲೇ, ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣ ಎಲ್ಲೂ ದಾಖಲಾಗದೆ ಹೋಗಬಹುದು. ಚಿಕಿತ್ಸೆ ಕೊಟ್ಟ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರವನ್ನು ಆ ವಾರದಲ್ಲೇ ಬರೆಸಿಕೊಳ್ಳಿ, ರೋಗದ ಪೂರ್ಣ ಹೆಸರು ಅದರಲ್ಲಿರಲಿ. ‘ಹೃದಯ ನಿಂತು ಸಾವು’ ಎಂದಷ್ಟೇ ಇದ್ದರೆ ಕೇಸಿಗೆ ಆಧಾರವಾಗುವುದಿಲ್ಲ. ಬದುಕಿದ್ದಾಗ ಬಯಾಪ್ಸಿ ಆಗಿದ್ದರೆ ತೆಗೆದ ತುಣುಕನ್ನು ಪ್ರಯೋಗಾಲಯದವರು ಮೇಣದ ಸಣ್ಣ ಬಿಲ್ಲೆಯಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಜೊತೆಗೆ ಗಾಜಿನ ಸ್ಲೈಡ್. ಕೆಲವು ವರ್ಷದ ಮೇಲೆ ಅವನ್ನು ಎಸೆಯುತ್ತಾರೆ. ಮೀಸೊಥೆಲಿಯೋಮ ಹೌದೋ ಅಲ್ಲವೋ ಎಂದು ನ್ಯಾಯಾಲಯದಲ್ಲಿ ತಕರಾರು ಎದ್ದರೆ ಮರುಪರೀಕ್ಷೆಗೆ ಉಳಿಯುವುದು ಆ ಬಿಲ್ಲೆ ಮಾತ್ರ. ಬಯಾಪ್ಸಿ ನಂಬರ್ ಬರೆದು ಅರ್ಜಿ ಕೊಟ್ಟು, ಸಹಿ ಹಾಕಿ ಪಡೆದುಕೊಳ್ಳಿ. ಬಿಲ್ಲೆಯನ್ನು ಬಿಸಿಲು ತಾಗದ ತಂಪು ಜಾಗದಲ್ಲಿ, ಮುಚ್ಚಳದ ಡಬ್ಬಿಯಲ್ಲಿ, ಮೇಲೆ ಹೆಸರು ಮತ್ತು ತಾರೀಖು ಬರೆದು, ಕಾಗದದ ಫೈಲಿನ ಜೊತೆಗೇ ಇಡಿ.